ಹಡಗು ಹೊರಟಿತೋ, ಹೊರಡುವುದಿತ್ತೋ?

ಕಳೆದ ವರ್ಷ ಮೇ ತಿಂಗಳಲ್ಲಿ ಪಶ್ಚಿಮ ಆಫ್ರಿಕಾದ ಗಿನಿ ಬಿಸ್ಸಾವ್‌ನಿಂದ ಗೇರುಬೀಜ ತರಿಸುವ ನಮ್ಮ ಆಫೀಸಿಗೆ ಪೋರ್ಚುಗೀಸಿನಲ್ಲಿ ಒಂದು ಮೇಲ್ ಬಂತು. ಎರಡೇ ಸಾಲು. ಮೊದಲ ಸಾಲಿನಲ್ಲಿ ಹಡಗು, ಗುರುವಾರ ಅಂತ ಇತ್ತು. ಎರಡನೇ ಸಾಲಿನಲ್ಲಿ ಒಂದು ಸರ್ಟಿಫಿಕೇಟು ಇನ್ನೂ ಕೈಗೆ ಬಂದಿಲ್ಲ ಅಂತ. ನಾನು ಓದಿ, 'ಹಡಗು ಗುರುವಾರ ಹೊರಟಿದೆ, ಒಂದು ಕಾಗದ ಆಮೇಲೆ ಬರುತ್ತದೆ' ಅಂತ ಧಣಿಗಳಿಗೆ ಹೇಳಿದೆ. ಅವರು ನನ್ನ ಮಾತು ನಂಬಿ, ಬೀಜಕ್ಕೆ ಕಾಯುತ್ತಿದ್ದ ಕಾರ್ಖಾನೆಗೆ ತಾರೀಕು ಕೊಟ್ಟರು.

ಹಡಗು ಹೊರಟೇ ಇರಲಿಲ್ಲ. ಅವರು ಬರೆದದ್ದು 'ಹಡಗು ಗುರುವಾರ ಹೊರಡುವುದಿತ್ತು' ಅಂತ. ಸರ್ಟಿಫಿಕೇಟು ಸಿಗದೆ ಅದು ನಿಂತಿತ್ತು. ಕೊಟ್ಟ ತಾರೀಕು ತಪ್ಪಿತು. ಧಣಿಗಳು ಬೇರೆ ಕಡೆಯಿಂದ ಜಾಸ್ತಿ ಬೆಲೆಗೆ ಬೀಜ ಕೊಂಡು ಮಾತು ಉಳಿಸಿಕೊಂಡರು. ನನಗೆ ಅವರು ಬೈಯಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಗ ನಾನು ಪೋರ್ಚುಗೀಸ್ ಸಂಜೆ ಕ್ಲಾಸಿಗೆ ಸೇರಿ ಹತ್ತಿರ ಹತ್ತಿರ ಒಂದು ವರ್ಷ ಆಗಿತ್ತು. ಎ1, ಅಂದರೆ ಮೊದಲ ಹಂತ, ಮುಗಿದಿತ್ತು. ಎರಡನೇ ಹಂತ ಎ2 ಮುಗಿಸಿ ಮೂರನೆಯದಾದ ಬಿ1ಗೆ ಕಾಲಿಡುವ ಹೊತ್ತು. ಭಾಷೆ ಕಲಿತವರಿಗೆ ಈ ಹಂತ ಗೊತ್ತಿರುತ್ತದೆ. ನಿಯಮ ಎಲ್ಲ ಗೊತ್ತು, ಪರೀಕ್ಷೆಯಲ್ಲಿ ಮಾರ್ಕೂ ಬರುತ್ತದೆ. ಆದರೆ ಬಾಯಿ ತೆರೆಯುವುದಿಲ್ಲ, ಯಾರಾದರೂ ಬರೆದರೆ ಒಳಗಿನ ಅರ್ಥ ತಪ್ಪುತ್ತದೆ. ಇಲ್ಲೇ ತುಂಬಾ ಜನ ಬಿಟ್ಟು ಹೋಗುತ್ತಾರೆ. ನಮ್ಮ ಮೊದಲ ಬ್ಯಾಚ್‌ನಲ್ಲಿ ಹನ್ನೊಂದು ಜನ ಇದ್ದೆವು. ಎ2 ಮುಗಿಯುವಾಗ ಉಳಿದದ್ದು ಐದು.

ನಾನು ಈ ಭಾಷೆಗೆ ಬಂದದ್ದೇ ಗೇರುಬೀಜದ ದಾರಿಯಿಂದ. ನಮ್ಮ ಆಫೀಸಿನಲ್ಲಿ ಕಾಗದಪತ್ರ ನೋಡುವುದು ನನ್ನ ಕೆಲಸ. ಊರಿನ ಬೀಜ ಇಲ್ಲಿಯ ಕಾರ್ಖಾನೆಗಳಿಗೆ ವರ್ಷವಿಡೀ ಸಾಕಾಗುವುದಿಲ್ಲ. ಕಚ್ಚಾ ಬೀಜ ಆಫ್ರಿಕಾದಿಂದ ಬರಬೇಕು. ಗಿನಿ ಬಿಸ್ಸಾವ್‌ನ ಕೊಯ್ಲು ಸುಮಾರು ಮಾರ್ಚ್‌ನಿಂದ ಜೂನ್ ತನಕ, ಮೊಜಾಂಬಿಕ್‌ನದ್ದು ಅಕ್ಟೋಬರ್ ನಂತರ. ಎರಡೂ ಕಡೆ ಸರಕಾರದ ಭಾಷೆ ಪೋರ್ಚುಗೀಸ್. 80 ಕೆ.ಜಿ. ಬೀಜದಿಂದ ಎಷ್ಟು ಪೌಂಡ್ ತಿರುಳು ಸಿಗುತ್ತದೆ, ತೇವ ಎಷ್ಟಿದೆ, ಸ್ಯಾಂಪಲ್ ಯಾವಾಗ ಕಳಿಸುತ್ತಾರೆ, ಇದನ್ನೆಲ್ಲ ಅವರ ಜೊತೆ ಮಾತಾಡಬೇಕು. ಫೋನಿನಲ್ಲಿ ಅನುವಾದ ಮಾಡುವ ಆ್ಯಪ್ ಇದೆ, ನಿಜ. ಆದರೆ ಅಲ್ಲಿಯ ಮನುಷ್ಯ ಗಾಡಿ ಓಡಿಸುತ್ತಾ ವಾಯ್ಸ್ ಮೆಸೇಜ್ ಕಳಿಸಿದಾಗ, ಪೋರ್ಚುಗೀಸಿನ ಜೊತೆ ಅವರ ಆಡುಮಾತಾದ ಕ್ರಿಯೋಲ್ ಬೆರೆಸಿದಾಗ, ಅದು ಕೈಬಿಡುತ್ತದೆ.

ಕ್ಲಾಸಿಗೆ ಹೋಗುತ್ತೇನೆ ಅಂದಾಗ ಅಮ್ಮನಿಗೆ ಇಷ್ಟವಾಗಲಿಲ್ಲ. ನಮ್ಮದು ಉಳ್ಳಾಲ. 16ನೇ ಶತಮಾನದಲ್ಲಿ ಪೋರ್ಚುಗೀಸರಿಗೆ ಎದುರು ನಿಂತ ರಾಣಿ ಅಬ್ಬಕ್ಕನ ಊರು. 'ಅಕ್ಲೆನ ಭಾಷೆ ನಿಕ್ಕ್ ದಾಯೆಗ್?' ಅಂತ ಕೇಳಿದರು, ಅವರ ಭಾಷೆ ನಿನಗೆ ಯಾಕೆ ಅಂತ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ನನಗೆ ಮೇಲ್ ಬರೆಯುವವರು ಪೋರ್ಚುಗಲ್‌ನವರಲ್ಲ. ಅದೇ ದೊರೆಗಳ ಕೈಯಿಂದ ಹೋರಾಡಿ ಬಿಡಿಸಿಕೊಂಡವರು. ಗಿನಿ ಬಿಸ್ಸಾವ್‌ನ ಸ್ವಾತಂತ್ರ್ಯವನ್ನು ಪೋರ್ಚುಗಲ್ ಒಪ್ಪಿಕೊಂಡದ್ದು 1974ರಲ್ಲಿ, ಮೊಜಾಂಬಿಕ್ ಸ್ವತಂತ್ರವಾದದ್ದು 1975ರಲ್ಲಿ. ಭಾಷೆಯನ್ನು ಅವರು ತಮ್ಮದು ಮಾಡಿಕೊಂಡರು. ಇದನ್ನು ಹೇಳಿದ ಮೇಲೆ ಅಮ್ಮ ಏನೂ ಅನ್ನಲಿಲ್ಲ. ಕ್ಲಾಸಿರುವ ದಿನ ನನ್ನ ಊಟ ತೆಗೆದಿಡಲು ಶುರು ಮಾಡಿದರು.

ಕ್ಲಾಸು ಹಂಪನಕಟ್ಟೆಯ ಹತ್ತಿರ, ಎರಡನೇ ಮಾಳಿಗೆಯಲ್ಲಿ. ವಾರಕ್ಕೆ ಮೂರು ದಿನ, ಸಂಜೆ ಆರೂವರೆಯಿಂದ ಎಂಟು. ಟೀಚರ್ ಗೋವಾದವರು, ಮದುವೆಯಾಗಿ ಮಂಗಳೂರಿಗೆ ಬಂದವರು. ಮೊದಲ ತಿಂಗಳು ಸಂಭ್ರಮವೋ ಸಂಭ್ರಮ. ಚಾವಿ ನಮ್ಮದಲ್ಲ, ಅವರ ಶಾವ್. ಬಾಲ್ದಿ, ತುವಾಲು, ಪಾದ್ರಿ, ಮೇಸ್ತ್ರಿ, ಎಲ್ಲ ಅಲ್ಲಿಂದ ಬಂದವು. ಹಾಜರಿ ಕರೆದರೂ ಪಾಠ. ಲೋಬೊ ಅಂದರೆ ತೋಳ, ಕುವೆಲ್ಲೊ ಅಂದರೆ ಮೊಲ, ಪಿಂಟೊ ಅಂದರೆ ಕೋಳಿಮರಿ, ಮಚಾದೊ ಅಂದರೆ ಕೊಡಲಿ. ಮಂಗಳೂರಿನ ಯಾವ ಶಾಲೆಯ ಹಾಜರಿ ಪುಸ್ತಕ ತೆಗೆದರೂ ಒಂದು ಸಣ್ಣ ಕಾಡು ಸಿಗುತ್ತದೆ. ಆದರೆ ಈ ಶಬ್ದಗಳ ಸಹಾಯ ಅಷ್ಟೇ. ಶಬ್ದ ಗೊತ್ತಿದ್ದ ಮಾತ್ರಕ್ಕೆ ವಾಕ್ಯ ಬರುವುದಿಲ್ಲ. ನನಗೆ ಎಡವಟ್ಟಾದದ್ದು ಕ್ರಿಯಾಪದದಲ್ಲಿ.

ಆ ಮೇಲ್‌ನ ವಿಷಯ ಬಿಡಿಸಿ ಹೇಳುತ್ತೇನೆ. ಪೋರ್ಚುಗೀಸಿನಲ್ಲಿ ಭೂತಕಾಲಕ್ಕೆ ಮುಖ್ಯವಾಗಿ ಎರಡು ರೂಪ. ಹಡಗು ಹೊರಟಿತು ಅನ್ನಲು 'ಸಯಿವ್'. ಹೊರಡುತ್ತಿತ್ತು ಅನ್ನಲು 'ಸಯೀಯ'. ಈ ಎರಡನೆಯದನ್ನೇ ಹೊರಡುವುದಿತ್ತು ಅನ್ನಲೂ ಬಳಸುತ್ತಾರೆ. ನಾನು ಇವನ್ನು ಕಲಿತದ್ದು ಇಂಗ್ಲಿಷ್ ಮೂಲಕ. ಪುಸ್ತಕ ಇಂಗ್ಲಿಷಿನಲ್ಲಿತ್ತು, ಟೀಚರ್ ಹೇಳುವುದೂ ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲಿ ಎಷ್ಟೋ ಸಲ ಭೂತಕಾಲದ ಒಂದೇ ರೂಪ ಈ ಎರಡೂ ಕಡೆ ಬರುತ್ತದೆ. ಹಾಗಾಗಿ ನನ್ನ ತಲೆಯಲ್ಲಿ ಎರಡೂ ಒಂದೇ ಡಬ್ಬಿಗೆ ಬಿದ್ದವು.

ಸರಿ, ಆ ನಿದ್ದೆ ಬಾರದ ರಾತ್ರಿ ನೋಟ್‌ಬುಕ್ ತೆಗೆದೆ. ಇಂಗ್ಲಿಷ್ ಅರ್ಥ ಬರೆದ ಕಡೆಯೆಲ್ಲ ಗೀಟು ಹಾಕಿ ಕನ್ನಡ ಬರೆಯುತ್ತಾ ಹೋದೆ. ಫುಯ್, ಹೋದೆ. ಈಯ, ಹೋಗುತ್ತಿದ್ದೆ. ಕುಮಿ, ತಿಂದೆ. ಕುಮೀಯ, ತಿನ್ನುತ್ತಿದ್ದೆ. ಒಂದೊಂದಕ್ಕೂ ಜೋಡಿ ಸಿಕ್ಕಿತು. 'ಚಿಕ್ಕವಳಿದ್ದಾಗ ಅಜ್ಜಿ ಮನೆಗೆ ಹೋಗುತ್ತಿದ್ದೆ' ಅನ್ನುವಾಗ ಯಾವ ರೂಪ ಅಂತ ನಾವು ಯೋಚನೆ ಮಾಡುತ್ತೇವಾ? ಇಲ್ಲ ಅಲ್ವಾ. ಪೋರ್ಚುಗೀಸ್ ಕೇಳುವುದೂ ಅದನ್ನೇ. ಮತ್ತೆ, 'ಬಂದೆ' ಅಂದರೆ ಸಾಕು, 'ನಾನು' ಬೇಡ. ಅವರಿಗೂ ಹಾಗೆಯೇ. ಇಂಗ್ಲಿಷಿನ ಅಭ್ಯಾಸದಿಂದ ನಾನು ಪ್ರತಿ ವಾಕ್ಯಕ್ಕೂ 'ಎವ್' ಅಂತ 'ನಾನು' ಸೇರಿಸುತ್ತಿದ್ದೆ. ಅದನ್ನು ಬಿಟ್ಟ ದಿನ ಮಾತು ಹಗುರವಾಯಿತು.

ಇದಕ್ಕಿಂತ ದೊಡ್ಡ ಸಂತೋಷ ಎರಡು ತಿಂಗಳ ನಂತರ ಬಂತು. 'ಹಡಗು ಬಂದರೆ', 'ಮಳೆ ಬಂದರೆ' ಅನ್ನಲು ಪೋರ್ಚುಗೀಸಿನಲ್ಲಿ ಬೇರೆಯೇ ಒಂದು ಕ್ರಿಯಾರೂಪ ಇದೆ. ಎಲ್ಲರೂ ಹೆದರುವ ಪಾಠ ಅದು. ಅದನ್ನು ಕಟ್ಟುವ ರೀತಿ ನೋಡಿ. 'ಅವರು ಹೋದರು' ಅನ್ನಲು 'ಫೋರಾಂವ್'. ಅದರ ಬಾಲ ಕತ್ತರಿಸಿದರೆ 'ಫೋರ್', ಹೋದರೆ. 'ಅವರು ಬಂದರು' ಅನ್ನಲು 'ವಿಯೇರಾಂವ್'. ಬಾಲ ಕತ್ತರಿಸಿದರೆ 'ವಿಯೇರ್', ಬಂದರೆ. ಅಂದರೆ ಇನ್ನೂ ಆಗದ ವಿಷಯ ಹೇಳಲು ಆಗಿ ಹೋದ ಕಾಲದ ರೂಪದಿಂದಲೇ ಹೊರಡುತ್ತಾರೆ. ನಾವು ಮಾಡುವುದೂ ಅದೇ! ಹೋದರು, ಹೋದರೆ. ಬಂದರು, ಬಂದರೆ. ಮಾಡಿದರು, ಮಾಡಿದರೆ. ನಾಳೆ ಬರುವ ಹಡಗಿಗೂ ನಾವು 'ಬಂದ' ಎಂಬುದರಿಂದಲೇ 'ಬಂದರೆ' ಕಟ್ಟುತ್ತೇವೆ. ಕ್ಲಾಸಿನಲ್ಲಿ ಇದನ್ನು ಹೇಳಿದೆ. ಟೀಚರ್ ಬೋರ್ಡಿನ ಮೇಲೆ ಕನ್ನಡದ್ದನ್ನೂ ಬರೆಸಿದರು. ಆ ಸಂಜೆ ಐದೂ ಜನರಿಗೆ ಆ ಪಾಠ ಬಾಯಿಗೆ ಬಂತು.

ಉಚ್ಚಾರಣೆಗೆ ಕನ್ನಡಕ್ಕಿಂತ ತುಳು ಜಾಸ್ತಿ ಕೈಹಿಡಿಯಿತು. ಪೋರ್ಚುಗೀಸಿನಲ್ಲಿ ಅಜ್ಜನಿಗೂ ಅಜ್ಜಿಗೂ 'ಅವೊ' ಅಂತಲೇ ಹೇಳಬೇಕು. ಅಜ್ಜನಿಗೆ ಬಾಯಿ ಕಿರಿದು ಮಾಡಿ, ಅಜ್ಜಿಗೆ ಅಗಲ ಮಾಡಿ. ಎ ಸ್ವರಕ್ಕೂ ಹೀಗೇ ಎರಡು ಬಗೆ ಇದೆ. ಕನ್ನಡದಲ್ಲಿ ಗಿಡ್ಡ, ಉದ್ದ ಮಾತ್ರ ಉಂಟು, ಕಿರಿದು ಅಗಲ ಇಲ್ಲ. ತುಳುವಿನಲ್ಲಿ ಉಂಟು. 'ಯಾನ್ ಬತ್ತೆ' ಅಂದಾಗ ಕೊನೆಯ ಎ ಅಗಲ. 'ಆಯೆ ಬತ್ತೆ' ಅಂದಾಗ ಕಿರಿದು. ಬರೆದರೆ ಒಂದೇ, ಆದರೆ ಬಂದದ್ದು ನಾನೋ ಅವನೋ ಅಂತ ಮನೆಯಲ್ಲಿ ಸಣ್ಣ ಮಗುವಿಗೂ ಗೊತ್ತಾಗುತ್ತದೆ. ಈ ಕಿವಿ ನಮಗೆ ಹುಟ್ಟಿನಿಂದ ಇದೆ. ಹಾಗೆಯೇ ಪೋರ್ಚುಗಲ್‌ನವರು ಹಾಲಿಗೆ 'ಲೈತ್' ಅನ್ನುವಾಗ ಕೊನೆಯಲ್ಲಿ ಅರ್ಧ ನುಂಗಿದ ಒಂದು ಸ್ವರ ಬರುತ್ತದೆ. ತುಳುವಿನಲ್ಲಿ ಹಾಲಿಗೆ 'ಪೇರ್' ಅನ್ನುವಾಗ ಕೊನೆಗೆ ಬರುವ ಸ್ವರಕ್ಕೆ ಅದು ತುಂಬಾ ಹತ್ತಿರ. ಚ ಛ ಜ ಝ ಞ ಅಂತ ಬಾಯಿಪಾಠ ಮಾಡಿ ಆಮೇಲೆ ಮರೆತ ಆ ಞ ಇದೆಯಲ್ಲ, ಅದಕ್ಕೂ ಇಲ್ಲಿ ದಿನವಿಡೀ ಕೆಲಸ. ಗೇರುಬೀಜಕ್ಕೆ 'ಕಶ್ತಾಞ'. ಮಲಯಾಳದ 'ಞಾನ್' ಕೇಳಿದವರಿಗೆ ಇದು ಏನೂ ಕಷ್ಟ ಅಲ್ಲ.

ನಮ್ಮ ಭಾಷೆಗಳು ಎಲ್ಲ ಕಡೆಯೂ ಒದಗುವುದಿಲ್ಲ. ಜೀವವಿಲ್ಲದ ವಸ್ತುವಿಗೆ ಗಂಡು ಹೆಣ್ಣು ಅಂತ ಲಿಂಗ ನಮಗಿಲ್ಲ. ಅಲ್ಲಿ ಹಡಗು ಗಂಡು, ಗೇರುಬೀಜ ಹೆಣ್ಣು. ಇದನ್ನು ಶಬ್ದದ ಜೊತೆಗೇ ಕಲಿಯಬೇಕು, ಬೇರೆ ದಾರಿ ಇಲ್ಲ. ವಾರದ ಹೆಸರು ಇನ್ನೊಂದು ತೊಡಕು. ಭಾನುವಾರದಿಂದ ಎಣಿಸುತ್ತಾರೆ, ಆದ್ದರಿಂದ ಸೋಮವಾರ 'ಎರಡನೆಯದು', ಗುರುವಾರ 'ಐದನೆಯದು'. ನಾನು ಆಫೀಸಿನ ಕ್ಯಾಲೆಂಡರಿನಲ್ಲಿ ಪ್ರತಿ ವಾರದ ಮೇಲೂ ಪೆನ್ನಿನಲ್ಲಿ ನಂಬರ್ ಬರೆದಿಟ್ಟೆ. ಮೂರು ತಿಂಗಳಲ್ಲಿ ಅದು ಬೇಡವಾಯಿತು.

ಅಭ್ಯಾಸಕ್ಕೆ ನನಗೆ ಬೇರೆ ಸಮಯ ಇರಲಿಲ್ಲ. ಇದ್ದದ್ದು ಎಂಟು ಗಂಟೆಯ ಮೇಲಿನ ಬಸ್ಸು. ತೊಕ್ಕೊಟ್ಟಿನ ತನಕ ಇಪ್ಪತ್ತು ನಿಮಿಷ, ಟ್ರಾಫಿಕ್ ಇದ್ದರೆ ಜಾಸ್ತಿ. ಅಷ್ಟರಲ್ಲಿ ಆ ದಿನ ನಡೆದದ್ದನ್ನು ಮನಸ್ಸಿನಲ್ಲೇ ಪೋರ್ಚುಗೀಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಮೊದಲು ಹಿನ್ನೆಲೆ, ಆಮೇಲೆ ಘಟನೆ. ಮಳೆ ಸುರಿಯುತ್ತಿತ್ತು, ಕರೆಂಟು ಹೋಯಿತು. ಧಣಿಗಳು ಫೋನಿನಲ್ಲಿ ಮಾತಾಡುತ್ತಿದ್ದರು, ನಾನು ಒಳಗೆ ಹೋದೆ. ನೇತ್ರಾವತಿ ಸೇತುವೆ ಬರುವ ಮೊದಲು ಐದು ಜೋಡಿ ಆಗಬೇಕು ಅಂತ ಲೆಕ್ಕ. ಶಬ್ದ ಗೊತ್ತಿಲ್ಲದಿದ್ದರೆ ಆ ಜಾಗಕ್ಕೆ ಕನ್ನಡ ಶಬ್ದ ಹಾಕಿ ಮುಂದೆ ಹೋಗುತ್ತಿದ್ದೆ. ಇಂಗ್ಲಿಷ್ ಮಾತ್ರ ಹಾಕುತ್ತಿರಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು, ಅದರಲ್ಲೇ ಒಂದನ್ನು ಕ್ಲಾಸಿನ ಗೆಳತಿಗೆ ವಾಯ್ಸ್ ಮೆಸೇಜ್ ಮಾಡುತ್ತಿದ್ದೆ. ಅವಳು ನರ್ಸ್, ಪೋರ್ಚುಗಲ್‌ಗೆ ಹೋಗುವ ತಯಾರಿಯಲ್ಲಿದ್ದಾಳೆ. ನೈಟ್ ಡ್ಯೂಟಿ ಇದ್ದರೂ ಬೆಳಿಗ್ಗೆಯೊಳಗೆ ಉತ್ತರ ಕಳಿಸುತ್ತಿದ್ದಳು. ತಪ್ಪು ತಿದ್ದಬಾರದು, ಕೇಳಿದ ಮಾತಿಗೆ ಉತ್ತರ ಮಾತ್ರ ಕೊಡಬೇಕು ಅಂತ ನಮ್ಮಿಬ್ಬರ ನಡುವೆ ಒಪ್ಪಂದ ಇತ್ತು. ತಿದ್ದಲು ಕ್ಲಾಸು ಇದೆ. ಬಾಯಿ ಬಿಡಿಸಿದ್ದು ಈ ಮೆಸೇಜುಗಳೇ.

ಇಷ್ಟೆಲ್ಲ ಆದ ಮೇಲೂ ಕೇಳಿ ಅರ್ಥ ಮಾಡಿಕೊಳ್ಳುವುದು ನಿಧಾನ. ಪೋರ್ಚುಗಲ್‌ನವರು ಸ್ವರ ನುಂಗುತ್ತಾರೆ. ಮೊಜಾಂಬಿಕ್‌ನವರ ಮಾತು ನನ್ನ ಕಿವಿಗೆ ಬಿಡಿಬಿಡಿಯಾಗಿ ಕೇಳುತ್ತದೆ. ಹಾಗಾಗಿ ಬೆಳಿಗ್ಗೆ ಅಡುಗೆ ಮಾಡುವಾಗ, ಪೋರ್ಚುಗೀಸ್ ಮಾತಾಡುವ ಆಫ್ರಿಕಾದ ದೇಶಗಳಿಗಾಗಿ ಇರುವ ಆರ್‌ಡಿಪಿ ಆಫ್ರಿಕಾ ರೇಡಿಯೊ ಹಾಕಿಡುತ್ತೇನೆ. ಅರ್ಧ ತಿಳಿಯುತ್ತದೆ, ಅರ್ಧ ಇಲ್ಲ. ಅಮ್ಮ ಈಗ ಸುಮ್ನೆ ಕೂತು ಕೇಳುತ್ತಾರೆ. ಒಂದು ದಿನ 'ಜನೇಲ' ಅಂತ ಬಂದಾಗ, 'ಜನೆಲ್ ಅಂದನಲ್ಲ, ನಮ್ಮ ಪಕ್ಕದ ಮನೆಯ ಬಾಯಮ್ಮ ಕಿಟಕಿಗೆ ಹಾಗೇ ಹೇಳುವುದು' ಅಂದರು.

ಈ ವರ್ಷದ ಕೊಯ್ಲಿನ ಮೊದಲ ಹಡಗಿನ ಸುದ್ದಿ ಏಪ್ರಿಲ್‌ನಲ್ಲಿ ಬಂತು. ಮೇಲ್‌ನಲ್ಲಿ ಓದಿದ್ದು ಸಾಕಾಗಲಿಲ್ಲ, ಫೋನ್ ಮಾಡಿದೆ. 'ಸಯಿವ್, ಅಥವಾ ಸಯೀಯ?' ಅಂತ ಅವರ ಭಾಷೆಯಲ್ಲೇ ಕೇಳಿದೆ. ಆ ಕಡೆಯವರು ಒಂದು ಕ್ಷಣ ತಡೆದು, 'ಸಯಿವ್, ಸಯಿವ್. ನಿನ್ನೆ ಸಂಜೆ' ಅಂದರು. ಆಮೇಲೆ ಧಣಿಗಳ ಕೋಣೆಗೆ ಹೋಗಿ ತಾರೀಕು ಹೇಳಿದೆ.