ಗಾಜಿನ ಹಂಚು, ಇರಾನಿ ಸಿನಿಮಾ, ಒಂಬತ್ತನೇ ಕ್ಲಾಸಿನ ಹುಡುಗಿಯರು

‘ಮಕ್ಕಳಿಗೆ ಇರಾನಿ ಸಿನಿಮಾನಾ? ಹತ್ತು ನಿಮಿಷಕ್ಕೆ ಎದ್ದು ಹೋಗ್ತಾವೆ ಮಾರಾಯ’ ಅಂದವರು ಈ ಸಲ ನಾನು ಶಾಲೆಯಲ್ಲಿ ವರ್ಷವರ್ಷ ಮಾಡುವ ಮಕ್ಕಳ ಸಿನಿಮಾ ಹಬ್ಬದಲ್ಲಿ ಬಾಗಿಲಲ್ಲಿ ನಿಂತೇ ಸಿನಿಮಾ ನೋಡಿದರು. ಒಳಗೆ ಜಾಗ ಇರಲಿಲ್ಲ. ಹೆಗ್ಗೋಡಿನ ನೀನಾಸಂ ಚಿತ್ರಸಮಾಜ 1973ರಲ್ಲೇ ಶುರುವಾಗಿ, ಹಳ್ಳಿಯವರೂ ಹೊರದೇಶದ ಸಿನಿಮಾ ನೋಡಿದ ಸೀಮೆ ನಮ್ಮದು. ಆದರೂ ಮಕ್ಕಳ ಮೇಲೆ ಮಾತ್ರ ಅನುಮಾನ!

ಮೊದಲ ವರ್ಷ ಪೂರ್ತಿ ಎಡವಟ್ಟು. ಶಾಲೆಯ ಹಾಲಿನ ಕಿಟಕಿಗೆಲ್ಲ ಕಪ್ಪು ಬಟ್ಟೆ ಹೊಡೆದೆವು. ಪ್ರೊಜೆಕ್ಟರ್ ಹಾಕಿದರೆ ಪರದೆ ಮೇಲೆ ಏನೂ ಕಾಣದು. ತಲೆ ಎತ್ತಿ ನೋಡಿದರೆ ಮಾಡಿನಲ್ಲಿ ಬೆಳಕಿಗೆಂದು ಹಾಕಿದ ಆರು ಗಾಜಿನ ಹಂಚು. ಮಲೆನಾಡಲ್ಲೇ ಹುಟ್ಟಿದವನಿಗೆ ಇದು ಹೊಳೆಯಬೇಡವಾ? ಅಡಿಕೆ ಒಣಗಿಸುವ ಟಾರ್ಪಲ್ ಬೇಡಿ ತಂದು ಹೊದಿಸಿದೆವು. ನವೆಂಬರ್ 14ಕ್ಕೇ ಮಾಡಬೇಕು ಅಂತ ನನ್ನ ಹಟ, ಅಡಿಕೆ ಕೊಯ್ಲೂ ಆಗಲೇ. ಎರಡನೇ ದಿನ ಬೆಳಿಗ್ಗೆಯೇ ಟಾರ್ಪಲ್ ವಾಪಸ್ ಹೋಯಿತು. ಈಗ ಸೆಪ್ಟೆಂಬರಿನಲ್ಲಿ ಮಾಡುತ್ತೇನೆ. ಮಳೆ ಸದ್ದಿಗೆ ಸ್ಪೀಕರ್ ಜಾಸ್ತಿ ಬೇಕು, ಆದರೆ ಮೋಡದ ಕತ್ತಲೆ ಪುಕ್ಕಟೆ.

ಆ ವರ್ಷ ಒಟ್ಟು ಖರ್ಚು 70 ಸಾವಿರದ ಹತ್ತಿರ. ನನ್ನ ಕೈಯಿಂದ ಹೋದದ್ದು 22 ಸಾವಿರ ಇರಬೇಕು. ಬಾಡಿಗೆ, ಡೀಸೆಲ್, ಊಟಕ್ಕೆ ಬೇಜಾರಿಲ್ಲ. ಪ್ರದರ್ಶನದ ಹಕ್ಕಿಗೆ ದುಡ್ಡು ತೆಗೆದುಕೊಂಡವರೊಬ್ಬರು ಹಿಂದಿನ ರಾತ್ರಿ ಹನ್ನೊಂದಕ್ಕೆ ಫೈಲ್ ಕಳಿಸಿದರು. ಪರದೆ ನಡುವೆ ಅವರದೇ ಹೆಸರು, ಇಷ್ಟು ದೊಡ್ಡ ಅಕ್ಷರದಲ್ಲಿ!

ಎರಡನೇ ವರ್ಷ ಕಷ್ಟಪಟ್ಟು ಕನ್ನಡ ಸಬ್‌ಟೈಟಲ್ ಮಾಡಿದೆವು. ಮೂರನೇ ಕ್ಲಾಸಿನ ಮಕ್ಕಳು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದರು. ಇನ್ನೂರು ಮಕ್ಕಳ ಮಗ್ಗಿ ಕೇಳಿದ ಹಾಗಾಯಿತು. ಮೂರನೇ ವರ್ಷ ಸಿನಿಮಾದ ಮಾತನ್ನು ಕನ್ನಡದಲ್ಲಿ ಹೇಳಲಿ ಅಂತ ತಾಳಮದ್ದಳೆಯ (ವೇಷ ಕಟ್ಟದೆ ಕೂತು ಮಾತಲ್ಲೇ ಆಡುವ ಯಕ್ಷಗಾನ) ಅರ್ಥಧಾರಿಯೊಬ್ಬರ ಕೈಗೆ ಮೈಕ್ ಕೊಟ್ಟೆ. ಇರಾನಿ ಸಿನಿಮಾ ‘ಚಿಲ್ಡ್ರನ್ ಆಫ್ ಹೆವನ್’ನ ಅಲಿ ತಂಗಿಯ ಶೂ ಕಳೆದುಕೊಂಡು ಕಣ್ಣೀರು ಹಾಕುತ್ತಿದ್ದರೆ, ಇವರು ಧರ್ಮರಾಯನ ಹಾಗೆ ಐದು ನಿಮಿಷ ಮಾತಾಡಿದರು. ಅಷ್ಟರಲ್ಲಿ ಅಲಿ ಶಾಲೆಗೂ ಹೋಗಿ ಬಂದಿದ್ದ.

ಕೊನೆಗೆ ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗಿಯರು. ಮೂರು ವಾರದಲ್ಲಿ ಏಳೆಂಟು ಸಲ ಸಿನಿಮಾ ನೋಡಿ, ಅಣ್ಣನ ಮಾತು ಒಬ್ಬಳು, ತಂಗಿಯ ಮಾತು ಒಬ್ಬಳು, ನಮ್ಮೂರ ಮಾತಲ್ಲೇ ಹೇಳಿದರು. ಮುಖ ನೋಡಿದರೇ ಗೊತ್ತಾಗುವ ಕಡೆ ಬಾಯಿ ಬಿಡಬಾರದು ಅಂತ ಕಟ್ಟುನಿಟ್ಟು. ಒಂದು ಮಗುವೂ ಎದ್ದು ಹೋಗಲಿಲ್ಲ. ಮೂಲ ಧ್ವನಿ ಎಷ್ಟು ಇಳಿಸಬೇಕು, ಹುಡುಗಿಯರನ್ನು ಎಲ್ಲಿ ಕೂರಿಸಬೇಕು ಅನ್ನುವುದನ್ನು ಮಾತ್ರ ಹೇಳಲ್ಲ. ಅಷ್ಟು ದುಡ್ಡು ಕಳೆದು ಕಲಿತದ್ದು, ಅಲ್ವಾ!

ಪುಟಾಣಿಗಳಿಗೆ ‘ದಿ ರೆಡ್ ಬಲೂನ್’ ಸಾಕು. ಬರೀ 34 ನಿಮಿಷ, ಮಾತೂ ಇಲ್ಲದ ಹಾಗೆಯೇ. ಸುಮ್ನೆ ಇರಲಾರದೆ ಒಮ್ಮೆ ಎಲ್ಲರಿಗೂ ಕೆಂಪು ಬಲೂನ್ ಹಂಚಿದೆ. ಸಿನಿಮಾ ಶುರುವಾಗುವ ಮೊದಲೇ ನೂರೈವತ್ತೂ ಢಮಾರ್. ಹೈಸ್ಕೂಲಿನವರಿಗೆ ಮೊಬೈಲಲ್ಲಿ ಸಿನಿಮಾ ಮಾಡಲು ಹೇಳಿದರೆ ಹನ್ನೊಂದು ಬಂದವು, ಎಂಟರಲ್ಲಿ ದೆವ್ವ. ಅದನ್ನೂ ತೋರಿಸಿದೆ.

ಮುಂದಿನ ಸಲ ಮಾತಿಗೆ ದುಡ್ಡು ಕೊಡಬೇಕು ಸರ್ ಅಂತ ಆ ಹುಡುಗಿಯರು ಈಗಲೇ ಕೇಳಿದ್ದಾರೆ. ತಲೆಗೆ 500 ಅಂದೆ. ಅರ್ಥಧಾರಿಗೆ 2000 ಕೊಟ್ಟಿದ್ದು ಅವರಿಗೆ ಹೇಗೋ ಗೊತ್ತಾಗಿದೆ.