ಬೆರಳು ತೆಗೆಯದೆ ಮೂಳೆ ಸೋಂಕು ವಾಸಿ ಮಾಡಿದ್ದು: ನನ್ನ ಅನುಭವ

ಬೆಂಗಳೂರಿನಲ್ಲಿ ಶುಗರ್ ಇರುವವರ ಕಾಲು ನೋಡುವುದೇ ನನ್ನ ಕೆಲಸ. ಮೂಳೆಗೆ ಸೋಂಕು ಇಳಿದಿದೆ ಅಂದ ಕೂಡಲೇ ಮನೆಯವರು ಕೇಳುವುದು, "ಬೆರಳು ತೆಗೀಲೇಬೇಕಾ ಡಾಕ್ಟ್ರೇ?" ಎಲ್ಲರಿಗೂ ಬೇಕಿಲ್ಲ. ಯಾರಿಗೆ ಬೇಡ ಅಂತ ಸರಿಯಾಗಿ ಆರಿಸಬೇಕು, ಅಷ್ಟೇ.

ಚಿಕ್ಕಪೇಟೆ ಕಡೆಯ ಒಬ್ಬ ಟೈಲರ್ ಬಂದಿದ್ದರು. ಬಲಗಾಲಿನ ಎರಡನೇ ಬೆರಳು ಕೆಂಪಗೆ ಊದಿತ್ತು. ತುದಿಯಲ್ಲಿ ಕಡಲೆಕಾಳಿನಷ್ಟು ಹುಣ್ಣು. ನರಗಳು ಸತ್ತಿದ್ದರಿಂದ ನೋವೇ ಇಲ್ಲ. ಸ್ಟೀಲ್ ಪ್ರೋಬನ್ನು, ಅಂದರೆ ಮೊಂಡು ತುದಿಯ ತೆಳು ಕಡ್ಡಿಯನ್ನು, ಹುಣ್ಣಿನೊಳಗೆ ಮೆಲ್ಲಗೆ ಇಳಿಸಿದೆ, ಟಕ್ ಅಂತ ಗಟ್ಟಿಯಾಗಿ ತಾಗಿತು. ಅದು ಮೂಳೆ. ಎಕ್ಸ್‌ರೇಯಲ್ಲೂ ಅಂಚು ಸವೆದಿತ್ತು. ಮೊದಲ ಎರಡು-ಮೂರು ವಾರ ಎಕ್ಸ್‌ರೇ ಏನೂ ತೋರಿಸದೇ ಇರಬಹುದು, ಅನುಮಾನವಿದ್ದರೆ ಮತ್ತೆ ತೆಗೆಸುತ್ತೇನೆ, ಇಲ್ಲವೇ ಎಂಆರ್‌ಐ.

ಪಾದದ ಮೇಲೆ ನಾಡಿ ಚೆನ್ನಾಗಿ ಸಿಗುತ್ತಿತ್ತು. ಜ್ವರವಿಲ್ಲ, ಒಳಗೆ ಕೀವು ಕಟ್ಟಿಲ್ಲ, ಬೆರಳು ಕಪ್ಪಾಗಿಲ್ಲ. ಇದರಲ್ಲಿ ಒಂದು ಕೆಟ್ಟಿದ್ದರೂ ಸುಮ್ನೆ ಮಾತ್ರೆ ಕೊಟ್ಟು ಕಾಯುತ್ತಿರಲಿಲ್ಲ, ಅವತ್ತೇ ಸರ್ಜನ್ ಹತ್ತಿರ ಕಳಿಸುತ್ತಿದ್ದೆ.

ಹುಣ್ಣನ್ನು ಹತ್ತಿಯಲ್ಲಿ ಒರೆಸಿ ಕಲ್ಚರ್‌ಗೆ (ರೋಗಾಣು ಯಾವುದೆಂದು ಬೆಳೆಸಿ ನೋಡುವ ಲ್ಯಾಬ್ ಪರೀಕ್ಷೆಗೆ) ಕಳಿಸುವುದನ್ನು ನಾನು ನಂಬುವುದಿಲ್ಲ. ಮೇಲಿರುವ ರೋಗಾಣುವೇ ಮೂಳೆಯೊಳಗೂ ಇರಬೇಕೆಂದೇನಿಲ್ಲ. ಮೂಳೆಯ ಚೂರನ್ನೇ ಕಳಿಸಿದೆವು. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬಂತು. ಅದಕ್ಕೆ ತಕ್ಕ ಮಾತ್ರೆ, 6 ವಾರ. ಮೂಳೆ ತೆಗೆಯದಿದ್ದರೆ 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುವುದೂ ಇಷ್ಟೇ. ಇಂಜೆಕ್ಷನ್ನೇ ಬೇಕು ಅನ್ನುವವರು ಜಾಸ್ತಿ. ಆದರೆ 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಓವಿವಾ ಅಧ್ಯಯನದಲ್ಲಿ, ಮೂಳೆ ಮತ್ತು ಕೀಲಿನ ಸೋಂಕಿದ್ದ ಸಾವಿರಕ್ಕೂ ಹೆಚ್ಚು ಜನರಲ್ಲಿ, ಮಾತ್ರೆ ಇಂಜೆಕ್ಷನ್‌ಗಿಂತ ಹಿಂದೆ ಬೀಳಲಿಲ್ಲ.

ಆದರೆ ಹುಣ್ಣಿನ ಮೇಲೆ ಭಾರ ಬೀಳುತ್ತಲೇ ಇದ್ದರೆ ಯಾವ ಮಾತ್ರೆಯೂ ಸಾಲದು. "ಮೆಷಿನ್ ಹೇಗೆ ತುಳೀತೀರಿ, ತೋರಿಸಿ ಯಜಮಾನ್ರೇ" ಅಂದೆ. ಕುರ್ಚಿಯಲ್ಲಿ ಕೂತು, ಚಪ್ಪಲಿ ಬಿಟ್ಟು, ನೆಲ ತುಳಿದು ತೋರಿಸಿದರು. ಬೆರಳುಗಳು ಕೊಕ್ಕೆಯಾಗಿ ಮಡಚಿಕೊಂಡಿದ್ದವು. ಪ್ರತಿ ತುಳಿತಕ್ಕೂ ಹುಣ್ಣಿನ ತುದಿಯೇ ನೆಲಕ್ಕೆ ಒತ್ತುತ್ತಿತ್ತು. ದಿನವಿಡೀ ಹೀಗೇ ಅಲ್ವಾ! ಅವರ ಮಗ ಮೆಷಿನ್‌ಗೆ ಮೋಟಾರ್ ಹಾಕಿಸಿ, ಪೆಡಲನ್ನು ಎಡಗಾಲಿನ ಕಡೆ ಇಟ್ಟರು. ನಾವು ಬೆರಳ ಕೆಳಗೆ ಫೆಲ್ಟ್ ಪ್ಯಾಡ್ ಅಂಟಿಸಿ, ಮುಂಗಾಲಿನ ಮೇಲೆ ಭಾರ ಬೀಳದ ಚಪ್ಪಲಿ ಕೊಟ್ಟೆವು. ಡ್ರೆಸ್ಸಿಂಗ್‌ಗೆ ಬಂದಾಗಲೆಲ್ಲ ಸುತ್ತ ಗಟ್ಟಿಯಾದ ಚರ್ಮವನ್ನು ಬ್ಲೇಡಿನಿಂದ ಹೆರೆದೆವು. ಶುಗರ್ ಹತೋಟಿಗೆ ಇನ್ಸುಲಿನ್ ಶುರು ಮಾಡಿದೆವು.

ಊತ ಇಳಿಯಿತು, ಹುಣ್ಣು ಮುಚ್ಚಿತು. ಆದರೂ ವಾಸಿಯಾಯಿತು ಅಂತ ನಾನು ಹೇಳಲಿಲ್ಲ. ಮಾತ್ರೆ ನಿಂತ ಮೇಲೆ ಕಡಿಮೆಯೆಂದರೂ 6 ತಿಂಗಳು ಕಾದು ನೋಡಬೇಕು. ಆಮೇಲೆ ತೆಗೆಸಿದ ಎಕ್ಸ್‌ರೇಯಲ್ಲಿ ಸವೆದಿದ್ದ ಅಂಚು ತುಂಬಿಕೊಂಡಿತ್ತು. ಈಗ ಪೆಡಲ್ ಒತ್ತುವ ಎಡಗಾಲಿನ ಹೆಬ್ಬೆರಳ ಕೆಳಗೆ ಆಣಿ ಏಳುತ್ತಿದೆ. ಎಂಸಿಆರ್ ಚಪ್ಪಲಿಗೆ (ಒತ್ತಡ ತಗ್ಗಿಸುವ ಮೆತ್ತನೆ ರಬ್ಬರಿನ ಚಪ್ಪಲಿ) ಎರಡೂ ಪಾದದ ಅಳತೆ ತೆಗೆದುಕೊಂಡಿದ್ದೇವೆ.