ಬರ್ನ್ಸ್ ವಾರ್ಡಿನ ನೋಟ್ಸು, ಕೋರ್ಟಿನ ಪಾಟಿಸವಾಲು

ನರ್ಸಿಂಗ್ ಓದುವಾಗ ಕಾನೂನು ಅಂದರೆ ನಮಗೆ ಪರೀಕ್ಷೆಗೆ ಬರುವ ಒಂದು ಪ್ರಶ್ನೆ, ಅಷ್ಟೇ. ನಿರ್ಲಕ್ಷ್ಯ ಎಂದರೇನು, ಒಪ್ಪಿಗೆ ಎಂದರೇನು, ಕೌನ್ಸಿಲ್‌ನಲ್ಲಿ ನೋಂದಣಿ ಯಾಕೆ ಬೇಕು ಎಂದು ಉರು ಹೊಡೆದು ಬರೆದು ಬಂದಿದ್ದೆವು. ಅದು ಕೆಲಸಕ್ಕೆ ಬಂದಿದ್ದು ನನ್ನನ್ನು ಸರ್ಕಾರಿ ಆಸ್ಪತ್ರೆಯೊಂದರ ಬರ್ನ್ಸ್ ವಾರ್ಡಿಗೆ ಹಾಕಿದ ಮೇಲೆ.

ಅಲ್ಲಿಗೆ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು. "ಸ್ಟವ್ ಸಿಡೀತ್ರೀ ಸಿಸ್ಟರ್." ಕೆಲವರ ಮನೆಯಲ್ಲಿ ನಿಜವಾಗಿಯೂ ಸಿಡಿದಿರುತ್ತದೆ. ಇನ್ನು ಕೆಲವರು ಹಾಗೆ ಹೇಳುವಾಗ ಮಂಚದ ಪಕ್ಕದಲ್ಲೇ ಗಂಡನೋ ಅತ್ತೆಯೋ ನಿಂತಿರುತ್ತಾರೆ. ರಾತ್ರಿ ಡ್ರಿಪ್ ಬದಲಿಸಲು ಹೋದಾಗ ಅದೇ ಹೆಣ್ಣುಮಗಳು ಬೇರೆಯೇ ಮಾತು ಹೇಳುತ್ತಾಳೆ. ಹೇಳಿ, "ಯಾರಿಗೂ ಹೇಳಬ್ಯಾಡ್ರೀ" ಎನ್ನುತ್ತಾಳೆ.

ಇಂಥ ಹೊತ್ತಲ್ಲಿ ನಾನು ಸುಳ್ಳು ಭರವಸೆ ಕೊಡುವುದಿಲ್ಲ. "ನಿಮ್ಮ ಮನೆಯವರಿಗೆ, ಊರಿನವರಿಗೆ ನಾನು ಹೇಳಲ್ಲಮ್ಮ. ಆದರೆ ಡಾಕ್ಟರಿಗೆ ಹೇಳಲೇಬೇಕು" ಎನ್ನುತ್ತೇನೆ. ಗುಟ್ಟು ಕಾಪಾಡುವುದು ನಮ್ಮ ಕರ್ತವ್ಯ, ನಿಜ. ಆದರೆ ಸುಟ್ಟಗಾಯದ ಇಂಥ ಕೇಸು ದಾಖಲಾಗುವಾಗಲೇ ಎಂ.ಎಲ್.ಸಿ. (ಮೆಡಿಕೋ ಲೀಗಲ್ ಕೇಸ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು) ಆಗಿರುತ್ತದೆ. ಮಾತು ಬದಲಾಗಿದೆ ಎಂದು ಡ್ಯೂಟಿ ಡಾಕ್ಟರಿಗೆ ತಿಳಿಸಿದರೆ ಅವರು ಪೊಲೀಸರಿಗೆ ಮತ್ತೆ ಇಂಟಿಮೇಷನ್ ಕಳಿಸುತ್ತಾರೆ. ಅದರ ಮೇಲೆ ತಹಶೀಲ್ದಾರರೋ ಮ್ಯಾಜಿಸ್ಟ್ರೇಟರೋ ಬಂದು ಹೇಳಿಕೆ ಬರೆದುಕೊಳ್ಳುತ್ತಾರೆ.

ಅವರು ಬರುವ ಮೊದಲೇ ಆಕೆ ತೀರಿಹೋದರೆ? ಇಲ್ಲೇ ನರ್ಸ್ ಬರೆದ ಎರಡು ಸಾಲಿಗೆ ಬೆಲೆ ಬರುವುದು. ತನ್ನ ಸಾವಿಗೆ ಏನು ಕಾರಣ ಎಂದು ಸತ್ತವರು ಮೊದಲೇ ಹೇಳಿದ್ದ ಮಾತು ನಮ್ಮಲ್ಲಿ ಸಾಕ್ಷ್ಯವಾಗುತ್ತದೆ. ಹಳೆಯ 1872ರ ಸಾಕ್ಷ್ಯ ಕಾಯ್ದೆಯಲ್ಲಿ ಅದು 32ನೇ ಕಲಮಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 26ನೇದು. ಇಂಥವರಿಗೇ ಹೇಳಿರಬೇಕು ಎಂದು ಆ ಕಲಮಿನಲ್ಲಿಲ್ಲ. ಮ್ಯಾಜಿಸ್ಟ್ರೇಟ್ ಬರೆದುಕೊಂಡರೆ ತೂಕ ಜಾಸ್ತಿ, ಅಷ್ಟೇ. ಡ್ರಿಪ್ ಬದಲಿಸಲು ಹೋದ ಸಿಸ್ಟರಿಗೆ ಹೇಳಿದ್ದೂ ಲೆಕ್ಕಕ್ಕೆ ಬರುತ್ತದೆ.

ಹಾಗಾಗಿ ಬರೆಯುವ ರೀತಿಯನ್ನು ನಾನು ಗಟ್ಟಿ ಮಾಡಿಕೊಂಡೆ. ನಮ್ಮ ನೋಟ್ಸು ಇಂಗ್ಲಿಷಿನಲ್ಲಿರುತ್ತವೆ. ಆದರೆ ರೋಗಿಯ ಮಾತನ್ನು ಮಾತ್ರ ಕನ್ನಡದಲ್ಲಿ, ಆಕೆ ಆಡಿದ ಹಾಗೆಯೇ, ಉದ್ಧರಣ ಚಿಹ್ನೆಯೊಳಗೆ ಬರೆಯುತ್ತೇನೆ. "ಎಣ್ಣಿ ಸುರುವಿ ಕಡ್ಡಿ ಕೊರದಾರ್ರೀ" ಎಂದರೆ ಅಷ್ಟೇ. ಯಾರು ಎಂದು ಆಕೆ ಹೆಸರು ಹೇಳದಿದ್ದರೆ ನಾನು ಸೇರಿಸುವುದಿಲ್ಲ. ಗಂಟೆ, ನಿಮಿಷ, ಪಕ್ಕದಲ್ಲಿ ಯಾರಿದ್ದರು, ಯಾವ ಡಾಕ್ಟರಿಗೆ ಎಷ್ಟು ಹೊತ್ತಿಗೆ ತಿಳಿಸಿದೆ, ಕೊನೆಗೆ ನನ್ನ ಸಹಿ. ತಪ್ಪಿದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಇನಿಷಿಯಲ್. ವೈಟ್ನರ್ ಮುಟ್ಟುವಂತಿಲ್ಲ.

ಕೇಳಲು ಸುಲಭ, ಅಲ್ವಾ? ಕಷ್ಟ ಇರುವುದು ಕನಿಕರದಲ್ಲಿ. ಇಪ್ಪತ್ತೆರಡು ವರ್ಷದ ಹುಡುಗಿ ಕಣ್ಣೆದುರು ನರಳುತ್ತಿದ್ದರೆ ಹೊಟ್ಟೆ ಉರಿಯುತ್ತದೆ. ಆಗ ಪೆನ್ನು ಸ್ವಲ್ಪ ಜಾಸ್ತಿ ಓಡುತ್ತದೆ. "ಗಂಡ ಬೆಂಕಿ ಹಚ್ಚಿದ್ದಾನೆ" ಎಂದು ಬರೆದರೆ ಅದು ನನ್ನ ಮಾತು, ನಾನು ನೋಡಿಲ್ಲ. "ಗಂಡ ಬೆಂಕಿ ಹಚ್ಚಿದ ಎಂದು ರೋಗಿ ಹೇಳಿದರು" ಎಂದರೆ ಅದು ಆಕೆಯ ಮಾತು. ಆರೋಪಿಯ ವಕೀಲರು ಹುಡುಕುವುದು ಇದೇ ಸಂದನ್ನು. ರೋಗಿಯ ಪರವಾಗಿ ಉತ್ಸಾಹದಿಂದ ಬರೆದ ನೋಟ್ಸು ಅವರಿಗೆ ಹಬ್ಬದೂಟ.

ನೋವಿನ ಇಂಜೆಕ್ಷನ್‌ದು ಇನ್ನೊಂದು ಕಥೆ. ಎಷ್ಟು ಹೊತ್ತಿಗೆ, ಯಾವುದು, ಎಷ್ಟು ಕೊಟ್ಟೆ ಎಂದು ಆಗಿಂದಾಗಲೇ ಬರೆಯಬೇಕು. "ಹೇಳಿಕೆ ಕೊಡುವಾಗ ಆಕೆ ಮಂಪರಿನಲ್ಲಿದ್ದಳು" ಎಂಬ ವಾದ ಪ್ರತಿ ಕೇಸಿನಲ್ಲೂ ಬಂದೇ ಬರುತ್ತದೆ. ಹೇಳಿಕೆ ಬರೆದುಕೊಂಡವರಿಗೆ ರೋಗಿಯ ಬುದ್ಧಿ ಸ್ತಿಮಿತದಲ್ಲಿದೆ ಎಂದು ಮನವರಿಕೆಯಾಗಿದ್ದರೆ ಡಾಕ್ಟರ ಸರ್ಟಿಫಿಕೇಟ್ ಇಲ್ಲದಿದ್ದರೂ ನಡೆಯುತ್ತದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2002ರಲ್ಲೇ ಲಕ್ಷ್ಮಣ್ ಪ್ರಕರಣದಲ್ಲಿ ಹೇಳಿದೆ. ಆದರೂ ವಕೀಲರು ನಮ್ಮ ಚಾರ್ಟ್ ತೆಗೆಸಿ ಓದುವುದನ್ನು ಬಿಟ್ಟಿಲ್ಲ. ಒಮ್ಮೆ ಹಿರಿಯರೊಬ್ಬರು ಇಂಜೆಕ್ಷನ್ ಹೊತ್ತನ್ನು ಹೇಳಿಕೆ ಆದಮೇಲಿನದು ಎಂದು ತಿದ್ದಲು ಹೇಳಿದರು. "ಪಾಪ, ಕೇಸ್ ನಿಲ್ಲಬೇಕಲ್ಲ" ಎನ್ನುವುದು ಅವರ ವಾದ. ನಾನು ಒಪ್ಪಲಿಲ್ಲ. ಸುಳ್ಳು ದಾಖಲೆ ಅಪರಾಧ ಎನ್ನುವುದು ಹಾಗಿರಲಿ, ವಾರ್ಡಿನ ಡ್ರಗ್ ರಿಜಿಸ್ಟರಿನಲ್ಲಿ ಮೊದಲಿನ ಹೊತ್ತೇ ಇತ್ತಲ್ಲ! ಒಂದು ಕಡೆ ತಿದ್ದಿ ಸಿಕ್ಕಿಬಿದ್ದರೆ ಆಕೆಯ ನಿಜವಾದ ಮಾತೂ ಅದರ ಜೊತೆಗೇ ಹೋಗುತ್ತದೆ. "ಕರೆದರೆ ಓಗೊಡುತ್ತಾರೆ, ನೀರು ಕೇಳಿದರು, ತಾಯಿಯನ್ನು ಗುರುತಿಸಿದರು" ಎಂದು ಮೊದಲೇ ಬರೆದಿದ್ದೆ. ಅದೇ ಸಾಕಾಗಿತ್ತು.

ಅಧಿಕಾರಿ ಬಂದಾಗ ಸಂಬಂಧಿಕರನ್ನೆಲ್ಲ ಹೊರಗೆ ಕಳಿಸುತ್ತೇನೆ. ತವರಿನವರನ್ನೂ. ಅವರು ಜಗಳಕ್ಕೆ ಬರುತ್ತಾರೆ, ಬರಲಿ. ಹೇಳಿಕೊಟ್ಟ ಮಾತು ಎಂದು ಆಮೇಲೆ ಅನ್ನಿಸಿಕೊಳ್ಳುವುದಕ್ಕಿಂತ ಅದೇ ವಾಸಿ. ಕೈಬೆರಳು ಸುಟ್ಟಿದ್ದರೆ ಕಾಲಿನ ಹೆಬ್ಬೆರಳಿನ ಗುರುತು ಹಾಕಿಸುತ್ತಾರೆ. ಯಾವ ಕಾಲಿನದು, ಕೈಯದು ಯಾಕಾಗಲಿಲ್ಲ ಎಂದು ನನ್ನ ನೋಟ್ಸಿನಲ್ಲೂ ಒಂದು ಸಾಲು ಇರುತ್ತದೆ. ಸೀಮೆಎಣ್ಣೆ ವಾಸನೆಯ ಬಟ್ಟೆ ಸಿಕ್ಕಿದರೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಮುಚ್ಚಬೇಕು, ಇಲ್ಲದಿದ್ದರೆ ವಾಸನೆ ಹಾರಿಹೋಗುತ್ತದೆ. ರಕ್ತದ ಬಟ್ಟೆಯಾದರೆ ಒಣಗಿಸಿ ಕಾಗದದ ಕವರಿಗೆ. ಪೊಲೀಸರಿಗೆ ಕೊಟ್ಟಿದ್ದಕ್ಕೆ ಸಹಿ ತೆಗೆದುಕೊಳ್ಳದೆ ಬಿಡುವುದಿಲ್ಲ. ಮದುವೆಯಾಗಿ ಎಷ್ಟು ವರ್ಷ ಎಂಬುದನ್ನು ಅಡ್ಮಿಷನ್ ಹೊತ್ತಲ್ಲೇ ಬರೆದಿಡುತ್ತೇವೆ. 7 ವರ್ಷದೊಳಗಿನ ಇಂಥ ಸಾವಾದರೆ ಶವಪಂಚನಾಮೆಗೆ ತಾಲೂಕು ದಂಡಾಧಿಕಾರಿಯಾಗಿ ತಹಶೀಲ್ದಾರರೇ ಬರುತ್ತಾರೆ.

ಸಮನ್ಸ್ ಬರುವುದು ವರ್ಷಗಳಾದ ಮೇಲೆ. ಅಷ್ಟರಲ್ಲಿ ನಮಗೆ ವರ್ಗವಾಗಿರುತ್ತದೆ. ಕೋರ್ಟಿಗೆ ಹೋಗುವ ದಿನ ಒ.ಒ.ಡಿ. (ಕರ್ತವ್ಯದ ಮೇಲೆ ಹೊರಗೆ) ಎಂದು ಹಾಕಿಸಿಕೊಂಡು, ಮೊದಲು ಕೇಸ್ ಶೀಟ್ ನೋಡುತ್ತೇನೆ. ಸಾಕ್ಷಿ ಹೇಳುವಾಗಲೂ ನಾವೇ ಬರೆದ ದಾಖಲೆ ನೋಡಿ ನೆನಪು ಮಾಡಿಕೊಳ್ಳಲು ಕೇಳಬಹುದು, ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ. ಇದು ಗೊತ್ತಿಲ್ಲದೆ ಎಷ್ಟೋ ಸಿಸ್ಟರುಗಳು ಕಟಕಟೆಯಲ್ಲಿ ಸುಮ್ನೆ ಬೆವರುತ್ತಾರೆ.

ಪಾಟಿಸವಾಲಿನಲ್ಲಿ ವಕೀಲರು ಒಮ್ಮೆ ಕೇಳಿದರು. "ಇಷ್ಟು ಸುಟ್ಟವರಿಗೆ ಮಾತಾಡಲು ಆಗುತ್ತದೆಯೇ?" ಸಾಮಾನ್ಯವಾಗಿ ಆಗುತ್ತದೋ ಇಲ್ಲವೋ ಎಂದು ಅಭಿಪ್ರಾಯ ಹೇಳುವುದು ಡಾಕ್ಟರ ಕೆಲಸ. ನಾನು "ಇವರು ನನ್ನ ಹತ್ತಿರ ಮಾತಾಡಿದರು ಸರ್" ಎಂದಷ್ಟೇ ಹೇಳಿದೆ. "ಗಂಡನೇ ಮಾಡಿದ್ದು ಅಂತ ನಿಮಗೂ ಅನಿಸಿತಾ?" ಎಂದರು. "ನನಗೆ ಗೊತ್ತಿಲ್ಲ" ಎಂದೆ. ಗೊತ್ತಿಲ್ಲ ಎನ್ನಲು ಅಲ್ಲಿ ನಾಚಿಕೆ ಪಡಬೇಕಿಲ್ಲ.

ಕೊನೆಯಲ್ಲಿ ನಮ್ಮ ಸಾಕ್ಷ್ಯವನ್ನು ಟೈಪ್ ಮಾಡಿ ಓದಿ ಹೇಳುತ್ತಾರೆ. ಅಷ್ಟು ಹೊತ್ತಿಗೆ ಹಸಿವು, ಸುಸ್ತು, ಬಸ್ಸಿನ ಚಿಂತೆ. ಸಹಿ ಹಾಕಿ ಓಡೋಣ ಎನಿಸುತ್ತದೆ. ನಾನು ಮಾತ್ರ ಕೂತು ಪೂರ್ತಿ ಓದುತ್ತೇನೆ. ಒಂದು ಸಲ ರಾತ್ರಿ 12.10 ಎಂದು ಹೇಳಿದ್ದು 2.10 ಎಂದು ಟೈಪ್ ಆಗಿತ್ತು. ಹೇಳಿದ ಕೂಡಲೇ ನ್ಯಾಯಾಧೀಶರು ಸರಿ ಮಾಡಿಸಿದರು, ಆಮೇಲೆ ಸಹಿ ಹಾಕಿದೆ.